ಮೊದಲು ಯಾವ ನಟ್ಟು ಬಿಚ್ಚಬೇಕು?

ತುಂಬಾ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಕಾರಣ ಹೇಳಿದರೆ ನಗ್ತೀರಿ. ಒಂದು ಹಳೇ ಕಾರು. ಅದೂ ನನ್ನದಲ್ಲ, ಪಕ್ಕದ ಮನೆಯ ಅಜ್ಜನದು. 1966ರ ಫೋರ್ಡ್ ಮಸ್ಟ್ಯಾಂಗ್.

ಮಸ್ಟ್ಯಾಂಗ್ ಅಂದ ಕೂಡಲೇ ಸಿನಿಮಾದಲ್ಲಿ ಗುಡುಗುಡು ಅಂತ ಹೋಗುವ ಕಾರು ನೆನಪಾಗಿರಬೇಕು. ಇದು ಅದಲ್ಲ. ಆ ಗುಡುಗು ವಿ-8 ಇಂಜಿನ್ನಿನದು. ಈ ಕಾರಿನದು ಸಾಲಾಗಿ ನಿಂತ ಆರು ಸಿಲಿಂಡರು, 200 ಘನ ಇಂಚು, ಅಂದರೆ ಸುಮಾರು 3.3 ಲೀಟರ್, 120 ಕುದುರೆ ಶಕ್ತಿ. ಆ ಕಾಲದಲ್ಲಿ ಶಾಲೆಯ ಮೇಡಮ್ಮುಗಳು, ಆಫೀಸಿನ ಗುಮಾಸ್ತರು ಕೊಳ್ಳುತ್ತಿದ್ದ ಮಸ್ಟ್ಯಾಂಗ್ ಅನ್ನಿ. ಈ ಕಾರನ್ನು ಹೊಸದಾಗಿ ಕೊಂಡವರೂ ಒಬ್ಬ ಮೇಡಮ್ಮೇ. ಅಜ್ಜನ ಹೆಂಡತಿ. ಆಗಿನ್ನೂ ಮದುವೆಯಾಗಿರಲಿಲ್ಲವಂತೆ.

ಕಾರಿನ ಜಾತಕ ಅದರ ಮೈಮೇಲೇ ಬರೆದಿರುತ್ತೆ. ಬಾನೆಟ್ ಎತ್ತಿದರೆ ಒಳಗಿನ ತಗಡಿನ ಮೇಲೆ ಒಂದು ನಂಬರ್ ಒತ್ತಿದ್ದಾರೆ. ಇದರದ್ದು 6ಎಫ್07ಟಿ ಅಂತ ಶುರುವಾಗುತ್ತೆ. 6 ಅಂದರೆ 1966ರ ಮಾದರಿ. ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ. 07 ಅಂದರೆ ಎರಡು ಬಾಗಿಲಿನ ಗಟ್ಟಿ ಮಾಡಿನ ಕಾರು. ಟಿ ಅಂದರೆ ಈ ಆರು ಸಿಲಿಂಡರ್ ಇಂಜಿನ್. ನಾನಿರುವುದು ಮಿಷಿಗನ್ನಿನಲ್ಲಿ. ಡಿಯರ್‌ಬಾರ್ನ್ ನಮ್ಮ ಮನೆಯಿಂದ ಇಪ್ಪತ್ತೈದು ಮೈಲಿ. ಅಂದರೆ ಕಾರು ಹುಟ್ಟಿದ ಊರು ಬಿಟ್ಟು ಎಲ್ಲೂ ಹೋಗಿಲ್ಲ! ಅಲ್ಲಿ ಮಸ್ಟ್ಯಾಂಗ್ ಮಾಡುವುದು 2004ರಲ್ಲೇ ನಿಂತಿತು.

1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಈ ಕಾರನ್ನು ಜನಕ್ಕೆ ತೋರಿಸಿದರು. 1966ರ ಮಾದರಿ ಒಂದರಲ್ಲೇ 6,07,568 ಕಾರು ತಯಾರಾದವು. ಹಾಗಾಗಿ ಇದೇನು ಅಪರೂಪದ ರತ್ನವಲ್ಲ. ಸರಿ ಮಾಡಿಸಲು ಸುರಿಯುವ ದುಡ್ಡು ಮಾರಿದರೆ ವಾಪಸು ಬರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಎಲ್ಲಿಂದ ಶುರು ಮಾಡಬೇಕು ಅನ್ನುವ ಪ್ರಶ್ನೆಗೂ ಇದಕ್ಕೂ ಸಂಬಂಧ ಇದೆ.

ಈಗ ಅಜ್ಜನ ವಿಷಯ. ವಯಸ್ಸು ಎಂಬತ್ತೈದು. ಜೀವಮಾನವೆಲ್ಲ ಕಾರ್ಖಾನೆಗಳಿಗೆ ಲೋಹದ ಅಚ್ಚು ಕೊರೆದು ಕೊಟ್ಟ ಕೈ. ಅಜ್ಜಿ ತೀರಿಕೊಂಡು ಮೂರು ವರ್ಷವಾಯಿತು. ಕಾರು 1991ರಿಂದ ಹಿತ್ತಲಿನ ಮರದ ಗ್ಯಾರೇಜಿನಲ್ಲಿ ನಿಂತಿದೆ. ಕೆಳಗೆ ಬರೀ ಮಣ್ಣು ನೆಲ. ಅಜ್ಜನಿಗೆ ಕಣ್ಣಿನ ಅಕ್ಷಿಪಟಲ ಸವೆಯುವ ಕಾಯಿಲೆ. ಅಂಚಿನಲ್ಲಿ ಮಸುಕಾಗಿ ಕಾಣುತ್ತೆ, ನೇರ ನೋಡಿದ್ದು ಕಾಣಲ್ಲ. ಬೇಸಿಗೆ ಬರುವ ಹೊತ್ತಿಗೆ ಮನೆ ಮಾರಿ, ವಯಸ್ಸಾದವರನ್ನು ನೋಡಿಕೊಳ್ಳುವ ಕಡೆಗೆ ಹೋಗಬೇಕು ಅಂತ ಮಕ್ಕಳು ತೀರ್ಮಾನ ಮಾಡಿದ್ದಾರೆ. ಕಾರನ್ನು ಗುಜರಿಯವನಿಗೆ ಕೊಡುವುದು ಅಂತಲೂ ಆಗಿತ್ತು. ಆಗ ಮೊಮ್ಮಗಳು ಒಂದು ಮಾತು ಹೇಳಿದಳು. ಓಡಿಸಲು ಭಯವಿಲ್ಲ ಅನ್ನುವಷ್ಟು ಸರಿಯಾದರೆ ನಾನು ಇಟ್ಟುಕೊಳ್ತೀನಿ.

ಅಜ್ಜ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದದ್ದು ಆಮೇಲೆ. "ನಾಲ್ಕು ಸಾವಿರ ಡಾಲರ್ ಇದೆ. ಆರು ತಿಂಗಳಿದೆ. ನನಗೆ ಅದು ಕಾಣೋದಿಲ್ಲ ಬಿಡು, ಸದ್ದು ಒಂದು ಕೇಳಿಸಿದರೆ ಸಾಕು. ಇಂಜಿನ್ನಿನಿಂದ ಶುರು ಮಾಡೋಣ" ಅಂದರು.

ನನ್ನ ಗೊತ್ತಲ್ಲ, ಸ್ಪ್ಯಾನರ್ ಹಿಡಿಯಲು ನೆಪ ಬೇಕು ಅಷ್ಟೆ. ಆದರೆ ಇಂಜಿನ್ನಿನಿಂದ ಶುರು ಮಾಡೋಣ ಅನ್ನುವ ಮಾತಿಗೆ ಮನಸ್ಸು ಒಪ್ಪಲಿಲ್ಲ.

ಈ ವಿಷಯದಲ್ಲಿ ಸಲಹೆ ಕೊಡುವವರಿಗೆ ಬರವಿಲ್ಲ. ಕನ್ನಡ ಕೂಟದ ಊಟದಲ್ಲಿ ಗೆಳೆಯನೊಬ್ಬ, "ಮೊದಲು ಬಣ್ಣ ಹೊಡೆಸೋ ಮಾರಾಯ, ನೋಡಲು ಚೆನ್ನಾಗಿದ್ದರೆ ಮುಂದಿನ ಕೆಲಸಕ್ಕೆ ಹುರುಪು ಬರುತ್ತೆ" ಅಂದ. ಆಫೀಸಿನವರೊಬ್ಬರು, ಕೊನೇ ನಟ್ಟಿನ ತನಕ ಎಲ್ಲ ಬಿಚ್ಚಿ ಹರಡಿಕೋ, ಆಮೇಲೆ ಒಂದೊಂದಾಗಿ ಜೋಡಿಸು ಅಂದರು. ಎರಡನೆಯದು ಕೇಳಲು ಶಿಸ್ತಿನ ಮಾತು. ಆದರೆ ಇಲ್ಲಿ ಹಳೇ ಕಾರು ಮಾರುವ ಜಾಹೀರಾತು ಓದಿ ನೋಡಿ. "ಅರ್ಧ ಬಿಚ್ಚಿದ ಕಾರು, ಉಳಿದ ಭಾಗಗಳು ಡಬ್ಬಗಳಲ್ಲಿವೆ, ಸಮಯವಿಲ್ಲದ ಕಾರಣ ಮಾರುತ್ತಿದ್ದೇನೆ". ಗ್ಯಾರೇಜಿನಲ್ಲಿ ನಿಂತು ಕಾರು ಸಾಯುವುದು ನಿಧಾನ. ಡಬ್ಬಕ್ಕೆ ಹೋದ ಕಾರು ಬೇಗ ಸಾಯುತ್ತೆ. ಆರು ತಿಂಗಳಿಗೆ, ನಾಲ್ಕು ಸಾವಿರಕ್ಕೆ ಅದು ನಮ್ಮ ದಾರಿಯಲ್ಲ.

ನಾನು ಮಲೆನಾಡಿನವನು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ಕೈಯಾಡಿಸುತ್ತಾರೆ. ಗೋಡೆಗೆ ಸುಣ್ಣ ಹಬ್ಬಕ್ಕೆ. ಸೋರುವ ಮಾಡಿನ ಕೆಳಗೆ ಸುಣ್ಣ ಬಳಿದವನನ್ನು ನೋಡಿ ಊರೆಲ್ಲ ನಗುತ್ತೆ. ಹಳೇ ಕಾರಿಗೂ ಅದೇ ಲೆಕ್ಕ. ಮೊದಲ ಪ್ರಶ್ನೆ ಏನು ಕೆಟ್ಟಿದೆ ಅನ್ನುವುದಲ್ಲ. ನೀರು ಎಲ್ಲಿಂದ ಬರ್ತಾ ಇದೆ?

ಅದಕ್ಕೂ ಮುಂಚೆ ಒಂದು ಪೈಸೆ ಖರ್ಚಿಲ್ಲದ ಎರಡು ಕೆಲಸ ಇತ್ತು. ಒಂದು, ಕಾಗದ. ಕಾರಿನ ಮಾಲೀಕತ್ವದ ಪತ್ರ ಅಜ್ಜಿಯ ಹೆಸರಿನಲ್ಲಿತ್ತು. ಅದನ್ನು ಅಜ್ಜನ ಹೆಸರಿಗೆ ಮಾಡಿಸದೆ ಒಂದು ಬಲ್ಬು ಕೂಡ ಕೊಳ್ಳಬಾರದು ಅಂದೆ. ಪತ್ರದ ನಂಬರೂ ತಗಡಿನ ಮೇಲಿನ ನಂಬರೂ ಒಂದೇನಾ ಅಂತ ಅಕ್ಷರ ಅಕ್ಷರ ತಾಳೆ ನೋಡಿದೆವು. ಎರಡು, ಒಂದು ನೋಟ್‌ಬುಕ್. ಏನನ್ನೂ ಬಿಚ್ಚದೆ, ಬರೀ ನೋಡಿ ಬರೆಯುವುದು. ಸುಮಾರು ಇನ್ನೂರು ಫೋಟೋ ತೆಗೆದೆ.

ಆಮೇಲೆ ತಳ. ಇದು ಮುಖ್ಯ. ಹಳೇ ಅಮೆರಿಕನ್ ಕಾರುಗಳಲ್ಲಿ ಬಹಳಷ್ಟಕ್ಕೆ ಕೆಳಗೆ ಬೇರೆ ಚೌಕಟ್ಟು ಇರುತ್ತೆ, ಅದರ ಮೇಲೆ ಮೈ ಕೂರುತ್ತೆ. ಮಸ್ಟ್ಯಾಂಗಿಗೆ ಹಾಗಿಲ್ಲ. ಅದರ ಮೈಯೇ ಅದರ ಬೆನ್ನುಮೂಳೆ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಎರಡು ಉದ್ದನೆಯ ಕಂಬಿ, ಎಲ್ಲ ಒಂದಕ್ಕೊಂದು ಬೆಸೆದು ನಿಂತಿದೆ. ನೆಲಕ್ಕೆ ತುಕ್ಕು ಹಿಡಿದರೆ ಕಾಲಿಗೆ ಗಾಳಿ ಬರುತ್ತೆ ಅನ್ನುವಷ್ಟೇ ಅಲ್ಲ, ಕಾರಿನ ನಡುವೇ ಬಿದ್ದುಹೋಗುತ್ತೆ. ಗೊತ್ತಾಗುವುದು ಹೇಗೆ? ಬಾಗಿಲು ತೆಗೆದು ಹಾಕಿ ನೋಡಬೇಕು. ಬಾಗಿಲಿನ ಸುತ್ತ ಸಂದು ಮೇಲೊಂದು ಥರ ಕೆಳಗೊಂದು ಥರ ಇದ್ದರೆ, ಹಾಕುವಾಗ ಎತ್ತಿ ಹಾಕಬೇಕಾಗಿ ಬಂದರೆ, ಗುಜರಿಯವನಿಗೆ ಫೋನ್ ಮಾಡುವುದು ಒಳ್ಳೆಯದು. ನಮ್ಮ ಕಾರಿನ ಬಾಗಿಲು ಸಲೀಸಾಗಿ ಬಿತ್ತು. ಅರ್ಧ ಉಸಿರು ಬಿಟ್ಟೆ.

ಈ ಕಾರುಗಳಿಗೆ ಒಂದು ಹುಟ್ಟು ರೋಗ ಇದೆ. ಬಾನೆಟ್ ಮುಗಿದು ಗಾಜು ಶುರುವಾಗುವ ಜಾಗದಲ್ಲಿ ಗಾಳಿ ಒಳಗೆ ಹೋಗಲು ಒಂದು ಜಾಲರಿ. ಅದರ ಕೆಳಗೆ ಮುಚ್ಚಿದ ತಗಡಿನ ಪೆಟ್ಟಿಗೆ. ಇಂಗ್ಲಿಷಿನಲ್ಲಿ ಕೌಲ್ ಅಂತಾರೆ. ಜಾಲರಿಯಿಂದ ಬಿದ್ದ ನೀರು ಎರಡೂ ಪಕ್ಕದಿಂದ ಹರಿದು ಹೋಗಬೇಕು. ಆದರೆ ಎಲೆ, ಕಸ ಸೇರಿ ಒದ್ದೆಯಾಗಿ ಕೂತು, ಒಳಗಿನ ತಗಡು ತಿಂದುಹೋಗುತ್ತೆ. ಆಮೇಲೆ ಮಳೆ ನೀರು ನೇರವಾಗಿ ಕಾಲಿನ ಹತ್ತಿರ. ಕಾರ್ಪೆಟ್ ಅಡಿಯ ಸೆಣಬಿನ ಹಾಸು ಅದನ್ನು ಹೀರಿಕೊಂಡು ನೆಲವನ್ನು ತಿಂಗಳುಗಟ್ಟಲೆ ಒದ್ದೆ ಇಡುತ್ತೆ. ಈ ಪೆಟ್ಟಿಗೆಯ ಒಳಗೆ ಕಣ್ಣು ಹಾಕಲು ಆಗಲ್ಲ, ಅದು ಬೆಸೆದದ್ದು. ಬಹಳ ಜನ ಹೊಸ ನೆಲದ ತಗಡು ಹಾಕಿಸಿ, ಹೊಸ ಕಾರ್ಪೆಟ್ ಹಾಸಿ, ಎರಡು ಮಳೆಗಾಲದಲ್ಲಿ ಮತ್ತೆ ಅಲ್ಲಿಗೇ ಬಂದು ನಿಲ್ಲುವುದು ಇದಕ್ಕೇ.

ಪರೀಕ್ಷೆ ಸುಲಭ. ಕಾರ್ಪೆಟ್ ತೆಗೆದು, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು. ಇನ್ನೊಬ್ಬರು ಹೊರಗಿನಿಂದ ಜಾಲರಿಯ ಮೇಲೆ ಪೈಪಿನಲ್ಲಿ ನೀರು ಬಿಡಬೇಕು. ಮೊಮ್ಮಗಳು ನೀರು ಬಿಟ್ಟಳು, ನಾನು ಒಳಗೆ ತಲೆ ತೂರಿಸಿದೆ. ಡ್ರೈವರ್ ಕಡೆ ಒಣ. ಪಕ್ಕದ ಸೀಟಿನ ಕಡೆ ಒಂದು ನಿಮಿಷಕ್ಕೆ ತೊಟ್ಟು ತೊಟ್ಟು ಶುರು. ಆ ಕಡೆಯ ನೆಲದಲ್ಲಿ ಅಂಗೈ ಅಗಲದ ತೂತು ಯಾಕಿದೆ ಅಂತ ಗೊತ್ತಾಯಿತು.

ಅಜ್ಜನಿಗೆ ಇದೆಲ್ಲ ಬೇಸರ. "ಮೂರು ವಾರದಿಂದ ಬರೀ ನೋಡ್ತಾನೇ ಇದ್ದೀಯ" ಅಂತ ಗೊಣಗಿದರು. ಅವರ ಬೇಸರ ನ್ಯಾಯವಾದದ್ದೇ. ಆರು ತಿಂಗಳಲ್ಲಿ ಮೂರು ವಾರ ಅಂದರೆ ಸಣ್ಣ ಮಾತಲ್ಲ. ಕಾರಿಗೆ ಸರಿಯಾದ ಕ್ರಮ ಮನುಷ್ಯನಿಗೂ ಸರಿ ಆಗಬೇಕು ಅಂತೇನಿಲ್ಲವಲ್ಲ?

ಉಳಿದದ್ದು ಕಂಬಿಗಳು. ಕಾರನ್ನು ಜಾಕಿನಲ್ಲಿ ಎತ್ತಿ ನಾಲ್ಕು ಕಡೆ ಸ್ಟ್ಯಾಂಡ್ ಕೊಟ್ಟೆವು. (ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಹೋಗಬೇಡಿ, ದಯವಿಟ್ಟು.) ತುಕ್ಕು ನೋಡುವ ಹಳೇ ವಿಧಾನ ಸಣ್ಣ ಸುತ್ತಿಗೆಯಲ್ಲಿ ತಟ್ಟುವುದು. ಗಟ್ಟಿ ಲೋಹ ಟಣ್ ಅನ್ನುತ್ತೆ. ಕೊಳೆತದ್ದು ಥಪ್ ಅನ್ನುತ್ತೆ. ನಾನು ಕೆಳಗೆ ಮಲಗಿ ತಟ್ಟುತ್ತಾ ಹೋದೆ. ಅಜ್ಜ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಐದಾರು ಪೆಟ್ಟು ಆದಮೇಲೆ, "ಹಿಂದಕ್ಕೆ ಹೋಗು. ಅಲ್ಲೇ. ಇನ್ನೊಂದು ಸಲ" ಅಂದರು. ನನಗೆ ಎರಡೂ ಒಂದೇ ಥರ ಕೇಳಿಸಿತ್ತು. ಅವರಿಗಲ್ಲ. ನಲವತ್ತು ವರ್ಷ ಲೋಹದ ಜೊತೆ ಬದುಕಿದ ಕಿವಿ ಅದು. ಅವರು ಹೇಳಿದ ಜಾಗದಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿದೆ. ಬಿಸ್ಕತ್ತಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು.

ಅವತ್ತು ಸಂಜೆಯ ತನಕ ಇದೇ ಕೆಲಸ. ನಾನು ತಟ್ಟುವುದು, ಅವರು ಕೇಳಿ ಹೇಳುವುದು, ಮೊಮ್ಮಗಳು ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಇಡೀ ತಳಕ್ಕೆ ಏಳು ಗುರುತು. ಎಲ್ಲ ಒಂದೇ ಪಕ್ಕ, ಎಲ್ಲ ಆ ಸೋರುವ ಪೆಟ್ಟಿಗೆಯ ಕೆಳಗೆ, ಹಿಂದೆ. ಎರಡೂ ಕಂಬಿ ಮುಂದಿನಿಂದ ಗಟ್ಟಿ. "ಉಳಿಯುತ್ತೆ" ಅಂದರು ಅಜ್ಜ. ಇಂಜಿನ್ ವಿಷಯ ಆವತ್ತು ಎತ್ತಲಿಲ್ಲ.

ಆ ರಾತ್ರಿ ದುಡ್ಡಿನ ಲೆಕ್ಕ ಬರೆದೆವು. ದೊಡ್ಡ ಪಾಲು ಬೆಸುಗೆಯವನಿಗೆ. ಪೆಟ್ಟಿಗೆಯ ಬೆಸುಗೆ ಕೊರೆದು ಬಿಡಿಸಿ ಸರಿ ಮಾಡಬೇಕು, ಆಮೇಲೆ ನೆಲ, ಈ ಕ್ರಮದಲ್ಲೇ. ಅದೃಷ್ಟಕ್ಕೆ ಈ ಕಾರಿನ ತಗಡುಗಳನ್ನು ಇವತ್ತಿಗೂ ಹೊಸದಾಗಿ ಮಾಡಿ ಮಾರುತ್ತಾರೆ. ಆರು ಲಕ್ಷ ಕಾರು ಮಾಡಿದ್ದರ ಪುಣ್ಯ. ಎರಡನೇ ಪಾಲು ಬ್ರೇಕಿಗೆ. ಬಣ್ಣಕ್ಕೆ ಸೊನ್ನೆ.

ಬ್ರೇಕು ಯಾಕೆ ಎರಡನೆಯದು ಅಂದರೆ, ಓಡದ ಕಾರು ಯಾರನ್ನೂ ಕೊಲ್ಲಲ್ಲ, ನಿಲ್ಲದ ಕಾರು ಕೊಲ್ಲುತ್ತೆ. 1966ರ ಮಸ್ಟ್ಯಾಂಗಿನಲ್ಲಿ ನಾಲ್ಕೂ ಚಕ್ರದ ಬ್ರೇಕಿಗೆ ಸೇರಿ ಎಣ್ಣೆಯ ಒಂದೇ ಕೋಣೆ. ಎಲ್ಲಾದರೂ ಒಂದು ರಬ್ಬರ್ ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತೆ. 1967ರ ಮಾದರಿಯಿಂದ ಫೋರ್ಡ್ ಎರಡು ಕೋಣೆ ಮಾಡಿತು. ಬ್ರೇಕಿನ ಎಣ್ಣೆ ಗಾಳಿಯ ತೇವ ಎಳೆದುಕೊಳ್ಳುವಂಥದ್ದು. ಮೂವತ್ತು ವರ್ಷ ನಿಂತರೆ ಪೈಪುಗಳು ಒಳಗಿನಿಂದಲೇ ತುಕ್ಕು ಹಿಡಿಯುತ್ತವೆ, ಹೊರಗೆ ಗೊತ್ತಾಗಲ್ಲ. ಹಾಗಾಗಿ ಪೈಪು, ಚಕ್ರದ ಸಿಲಿಂಡರು, ಮಾಸ್ಟರ್ ಸಿಲಿಂಡರು ಎಲ್ಲ ಹೊಸದು, ಅದೂ ಎರಡು ಕೋಣೆಯದು. ಹಳೇ ಬ್ರೇಕ್ ಡ್ರಮ್ಮಿನ ಧೂಳಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಗಾಳಿ ಹೊಡೆದು ಹಾರಿಸಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಟೈರು ನೋಡಲು ಚೆನ್ನಾಗಿದ್ದರೂ ಎಸೆಯುವುದೇ.

ಹಾಗಾದರೆ ಅಜ್ಜನ ಸದ್ದು? ಅಲ್ಲೇ ಒಂದು ದಾರಿ ಹೊಳೆಯಿತು. ಸದ್ದು ಕೇಳಿಸಲು ಕಾರು ರಸ್ತೆಗೆ ಇಳಿಯಬೇಕಾಗಿಲ್ಲವಲ್ಲ. ನಿಂತಲ್ಲೇ ಕೇಳಿಸಬಹುದು, ಖರ್ಚೂ ಕಮ್ಮಿ. ಬೆಸುಗೆಯವನು ಎರಡು ತಿಂಗಳ ನಂತರ ಬಾ ಅಂದಿದ್ದ, ಆ ಬಿಡುವಿನಲ್ಲಿ ಮಾಡಿದರೆ ಕ್ರಮವೂ ತಪ್ಪಲ್ಲ. ಆದರೆ ಹೋದ ಕೂಡಲೇ ಕೀಲಿ ತಿರುಗಿಸುವಂತಿಲ್ಲ. ಒಣಗಿ ಅಂಟಿಕೊಂಡ ಪಿಸ್ಟನ್ನು, ವಾಲ್ವು ಇದ್ದರೆ ಒಂದೇ ತಿರುವಿಗೆ ಹಾಳು. ಆರೂ ಪ್ಲಗ್ ಬಿಚ್ಚಿ ಒಳಗೆ ಸ್ವಲ್ಪ ಸ್ವಲ್ಪ ಎಣ್ಣೆ ಬಿಟ್ಟು ಹತ್ತು ದಿನ ಬಿಟ್ಟೆವು. ಆಮೇಲೆ ಫ್ಯಾನ್ ಬೆಲ್ಟ್ ಹಿಡಿದು ಕೈಯಲ್ಲೇ ಅಲ್ಲಾಡಿಸಿದರೆ... ತಿರುಗಿತು! ಇಂಜಿನ್ ಆಯಿಲ್ ಬದಲಾಯಿಸಿ, ಕಾರ್ಬ್ಯುರೇಟರ್ ತೊಳೆದು, ರೇಡಿಯೇಟರಿಗೆ ನೀರು ತುಂಬಿಸಿದೆವು. ಹಳೇ ಟ್ಯಾಂಕಿನ ತಂಟೆಗೆ ಹೋಗಲೇ ಇಲ್ಲ. ಈ ಕಾರಿನಲ್ಲಿ ಟ್ಯಾಂಕಿನ ನೆತ್ತಿಯೇ ಡಿಕ್ಕಿಯ ನೆಲ, ಅದರೊಳಗಿನ ಪೆಟ್ರೋಲು ಅಂಟು ವಾರ್ನಿಷ್ ಆಗಿತ್ತು. ಒಂದು ಕ್ಯಾನಿನಿಂದ ಹೊಸ ಪೈಪ್ ಎಳೆದು ಪಂಪಿಗೆ ಕೊಟ್ಟೆವು. ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿ ಇಟ್ಟು, ಕೀಲಿಯನ್ನು ಅಜ್ಜನ ಕೈಗೆ ಕೊಟ್ಟೆ.

ನಾಲ್ಕನೇ ಸಲಕ್ಕೆ ಹತ್ತಿಕೊಂಡಿತು. ಮೊದಲು ಐದೇ ಸಿಲಿಂಡರು, ಆಮೇಲೆ ಆರನೆಯದೂ ಸೇರಿತು. ಗುಡುಗೇನಲ್ಲ, ಹಳೇ ಹೊಲಿಗೆ ಮಿಷನ್ನಿನ ಥರ ಒಂದೇ ಸಮನೆ. ಅಜ್ಜ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ಎರಡು ನಿಮಿಷಕ್ಕೆ ಅವರೇ ಆಫ್ ಮಾಡಿದರು. "ಮೂರನೇ ವಾಲ್ವು ಸ್ವಲ್ಪ ಸಡಿಲ ಇದೆ, ಬರ್ಕೋ" ಅಂದರು. ಬರೆದುಕೊಂಡೆ.

ಈಗ ಕಾರು ಬೆಸುಗೆಯವನ ಹತ್ತಿರ ಇದೆ. ಪೆಟ್ಟಿಗೆ ಮುಗಿದಿದೆ, ನೆಲ ನಡೀತಾ ಇದೆ. ಬ್ರೇಕಿನ ಸಾಮಾನು ನಮ್ಮ ಮನೆಯ ಊಟದ ಮೇಜಿನ ಮೇಲಿದೆ, ಮನೆಯವಳು ಇನ್ನೂ ಏನೂ ಅಂದಿಲ್ಲ :-) ಬೇಸಿಗೆಯ ಹೊತ್ತಿಗೆ ಆಗುತ್ತಾ ಅಂತ ಕೇಳಬೇಡಿ.

ಅಂದ ಹಾಗೆ, ನಿಮ್ಮ ಮನೆಯ ಹಿತ್ತಲಲ್ಲೂ ಅಪ್ಪನದೋ ಮಾವನದೋ ಒಂದು ಅಂಬಾಸಡರ್, ಒಂದು ಫಿಯಟ್ ಟಾರ್ಪಾಲಿನ ಕೆಳಗೆ ಇದ್ದರೆ, ಬಣ್ಣದವನನ್ನೂ ಮೆಕ್ಯಾನಿಕ್ಕನ್ನೂ ಕರೆಯುವ ಮುಂಚೆ ಒಂದು ಭಾನುವಾರ ಸುತ್ತಿಗೆ ತಗೊಂಡು ಕೆಳಗೆ ಮಲಗಿ. ಅದನ್ನು ಓಡಿಸಿದವರು ಇನ್ನೂ ಇದ್ದರೆ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿ ಕೂರಿಸಿಕೊಳ್ಳಿ.