ಎರಡು ಮಾಡು, ಎರಡು ಹೊತ್ತು

2024 ನವೆಂಬರ್ 17

ವರ್ಷದ ಕರೆಂಟ್ ಬಿಲ್ಲುಗಳನ್ನೆಲ್ಲ ಜಗಲಿಯಲ್ಲಿ ಹರಡಿಕೊಂಡು ಕೂತೆ. ತಿಂಗಳ ಸರಾಸರಿ 270 ಯೂನಿಟ್. ಬಾವಿಯ ಪಂಪು, ಫ್ರಿಜ್ಜು, ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಯಂತ್ರ. ಬೇಸಿಗೆಯಲ್ಲಿ 320 ದಾಟುತ್ತದೆ, ಮಳೆಗಾಲದಲ್ಲಿ 220ಕ್ಕೆ ಇಳಿಯುತ್ತದೆ. ಯಾವ ತಿಂಗಳೂ 200ರ ಒಳಗಿಲ್ಲ. ಹಾಗಾಗಿ ಗೃಹಜ್ಯೋತಿ ನಮಗೆ ದಕ್ಕುವುದಿಲ್ಲ, ಇಡೀ ಬಿಲ್ಲು ಕಟ್ಟಲೇಬೇಕು. ಇದರ ಮೇಲೆ ತಮ್ಮನ ಮಗಳು ಸ್ಕೂಟರ್ ತರುತ್ತೇನೆ ಎನ್ನುತ್ತಿದ್ದಾಳೆ, ಅದೂ ಕರೆಂಟಿನದ್ದು. ಅದಕ್ಕೆ ತಿಂಗಳಿಗೆ ಇನ್ನು 40-50 ಸೇರಿಸಿದೆ. ವರ್ಷಕ್ಕೆ 3,800 ಯೂನಿಟ್ ಆಯಿತು.

ಊರಲ್ಲಿ ಹಾಕಿಸಿದವರೆಲ್ಲ 3 ಕಿಲೋವ್ಯಾಟ್ ಎನ್ನುತ್ತಾರೆ. ಈ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸಹಾಯಧನ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000ಕ್ಕೆ ಅದು ನಿಲ್ಲುತ್ತದೆ. ದುಡ್ಡು ನಿಲ್ಲುವ ಅಂಕಿಯೇ ಎಲ್ಲರ ಮನೆಯ ಅಳತೆಯಾಗಿಬಿಟ್ಟಿದೆ. ಅಜ್ಜ-ಅಜ್ಜಿ ಇಬ್ಬರೇ ಇರುವ ಮನೆಗೂ 3, ಹದಿನೈದು ಜನರ ಕೂಡುಕುಟುಂಬಕ್ಕೂ 3. ಬಿಲ್ಲು ನೋಡಿ ಅಳೆಯಿರಿ ಎಂದು ಯಾರೂ ಅವರಿಗೆ ಹೇಳಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ನೆರಳಿಲ್ಲದ ಜಾಗದಲ್ಲಿ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ ಎಂಬುದು ನಮ್ಮ ರಾಜ್ಯದಲ್ಲಿ ಎಲ್ಲರೂ ಹಿಡಿಯುವ ಲೆಕ್ಕ. ಶಿರಸಿಯ ಮಳೆಗೂ ಸುತ್ತಲಿನ ಬೆಟ್ಟಕ್ಕೂ ಒಂದಿಷ್ಟು ಕಳೆದು ನಾನು ಮೂರೂಕಾಲು ಹಿಡಿದೆ. 540 ವಾಟಿನ ಪ್ಯಾನೆಲ್ ಆರು ಬೇಕು, 3.24 ಕಿಲೋವ್ಯಾಟ್. ಅಳತೆ ಸಿಕ್ಕಿತು. ಇಡುವುದೆಲ್ಲಿ?

2024 ಡಿಸೆಂಬರ್ 21

ಈ ದಿನಕ್ಕಾಗಿಯೇ ಕಾದಿದ್ದೆ. ವರ್ಷದಲ್ಲಿ ಸೂರ್ಯ ದಕ್ಷಿಣಕ್ಕೆ ತೀರಾ ವಾಲುವುದು ಇವತ್ತು, ಮಧ್ಯಾಹ್ನದ ನೆರಳು ತೀರಾ ಉದ್ದವಾಗುವುದೂ ಇವತ್ತೇ. ಸಂಕ್ರಾಂತಿಗೆ ಇನ್ನೂ ಮೂರು ವಾರ ಇದ್ದರೂ ಸೂರ್ಯನ ಉತ್ತರದ ನಡಿಗೆ ನಾಳೆಯಿಂದಲೇ ಶುರು.

ಮನೆಗೆ ಮೂರು ಮಾಡು. ನಡುವಿನದು ಹಳೆಯ ಹೆಂಚಿನದು, ಪೂರ್ವಕ್ಕೊಂದು ಇಳಿಜಾರು, ಪಶ್ಚಿಮಕ್ಕೊಂದು. ಪಶ್ಚಿಮದಲ್ಲಿ ಹೊಸ ಕೋಣೆಗಳ ಮೇಲಿನ ತಾರಸಿ. ಪೂರ್ವದಲ್ಲಿ, ತೋಟಕ್ಕೆ ಇಳಿಯುವ ಕಡೆ, ಕೊಟ್ಟಿಗೆಯ ತಗಡಿನ ಮಾಡು. ಬೆಳಿಗ್ಗೆಯಿಂದ ಗಂಟೆಗೊಮ್ಮೆ ಮೂರನ್ನೂ ಸುತ್ತಿ, ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದೆ.

ಕೊಟ್ಟಿಗೆಗೆ ಎಂಟಕ್ಕೆ ಮೊದಲೇ ಬಿಸಿಲು ಬಂತು. ಅಡಿಕೆ ಮರಗಳು ಎಷ್ಟೇ ಎತ್ತರ ಬೆಳೆದರೂ ತೋಟ ಕೆಳಗಿದೆ, ತಲೆಗಳು ಮಾಡಿನ ಮಟ್ಟಕ್ಕೆ ಬರುವುದಿಲ್ಲ. ಮೂರು ಗಂಟೆಗೆ ಮನೆಯ ನೆರಳು ಕೊಟ್ಟಿಗೆಯನ್ನು ಪೂರ್ತಿ ನುಂಗಿತು. ತಾರಸಿಗೆ ಒಂಬತ್ತೂವರೆಯವರೆಗೂ ಹೆಂಚಿನ ಮಾಡಿನ ನೆರಳು. ಆಮೇಲೆ ಐದರ ತನಕ ತೆರೆದ ಆಕಾಶ. ಒಂದು ಮಾಡಿನದು ಬೆಳಗಿನ ಪಾಳಿ, ಇನ್ನೊಂದರದು ಸಂಜೆಯ ಪಾಳಿ. ಇಡೀ ದಿನದ ಬಿಸಿಲು ಯಾವುದೊಂದಕ್ಕೂ ಇಲ್ಲ, ಎರಡೂ ಸೇರಿದರೆ ದಿನ ಪೂರ್ತಿಯಾಗುತ್ತದೆ.

ನೆರಳು ಸರಿಯಾಗಿ ಉತ್ತರಕ್ಕೆ ತಿರುಗಿದ್ದು ಹನ್ನೆರಡೂವರೆಗೆ. ಗಡಿಯಾರದ ಹೊತ್ತು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು. ನಾವು ಅದಕ್ಕಿಂತ ಪಶ್ಚಿಮದಲ್ಲಿರುವುದರಿಂದ ನಮ್ಮ ನಡುಹಗಲು ಅರ್ಧ ಗಂಟೆ ತಡ.

ಹೆಂಚಿನ ಮಾಡನ್ನು ಬಿಟ್ಟೆ. ಪ್ಯಾನೆಲ್ ಒಂದೊಂದೂ ಸುಮಾರು 28 ಕಿಲೋ, ಪಕಾಸಿಗಳು ಅಜ್ಜನ ಕಾಲದವು. ಭಾರವಾದರೂ ತಡೆದೀತು. ಆದರೆ ಮಳೆಗೆ ಮುಂಚೆ ಒಡೆದ ಹೆಂಚು ಬದಲಿಸಲು ಪ್ರತಿವರ್ಷ ಅಲ್ಲಿ ಕೈಯಾಡಬೇಕು. ಪ್ಯಾನೆಲ್ಲಿನಡಿ ಒಡೆದ ಹೆಂಚು ಯಾರಿಗೂ ಕಾಣುವುದಿಲ್ಲ, ರೀಪು ಕೊಳೆತ ಮೇಲಷ್ಟೇ ಗೊತ್ತಾಗುತ್ತದೆ.

2025 ಜನವರಿ 12

ತಾರಸಿಯ ವಿಚಾರದಲ್ಲಿ ಅತ್ತಿಗೆಯ ತಕರಾರು ನ್ಯಾಯದ್ದೇ. ಅಲ್ಲಿ ಈಗ ಚಾಲಿಯ ಅಡಿಕೆ ಹರಡಿದೆ. ನಲವತ್ತು ದಿನದ ಬಿಸಿಲು ಕುಡಿಯದೆ ಅದು ಚಾಲಿಯಾಗದು. "ಅಡಿಕೆಯ ಬಿಸಿಲು ಕಸಿದುಕೊಂಡು ಕರೆಂಟು ಮಾಡಿದರೆ ಲಾಭವೆಲ್ಲಿ?" ಎಂದರು. ಈ ಮನೆಯ ವರ್ಷದ ಅನ್ನ ಅಡಿಕೆಯಿಂದ ಬರುತ್ತದೆ. ಬಿಸಿಲಿನ ಮೇಲೆ ಮೊದಲ ಹಕ್ಕು ಅದರದ್ದೇ.

ದಾರಿ ಸೀಮೆಸುಣ್ಣದ ಗೆರೆಗಳಲ್ಲೇ ಇತ್ತು. ಅಡಿಕೆ ಒಣಗುವ ತಿಂಗಳುಗಳಲ್ಲಿ ಸೂರ್ಯ ದಕ್ಷಿಣದಲ್ಲಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ಪ್ಯಾನೆಲ್‌ಗಳನ್ನು ತಾರಸಿಯ ಉತ್ತರದ ಅಂಚಿಗೇ ನಿಲ್ಲಿಸಿದರೆ ನೆರಳು ತಾರಸಿಯ ಹೊರಗೆ, ಹಿತ್ತಲಿಗೆ ಬೀಳುತ್ತದೆ. ಡಿಸೆಂಬರ್ 21ರ ನಡುಹಗಲಿಗೆ ಇಲ್ಲಿ ಸೂರ್ಯನ ಎತ್ತರ 52 ಡಿಗ್ರಿ. ಎರಡು ಮೀಟರ್ ಎತ್ತರದ ಚೌಕಟ್ಟಿನ ನೆರಳು ಒಂದೂವರೆ ಮೀಟರಿಗಿಂತ ತುಸು ಹೆಚ್ಚು. ಇನ್ನು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ನಡುಹಗಲ ಸೂರ್ಯ ನಮ್ಮ ನೆತ್ತಿಯನ್ನೂ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಆಗ ನೆರಳು ತಾರಸಿಯೊಳಕ್ಕೆ ಬಿದ್ದರೂ ಅಲ್ಲಿ ಅಡಿಕೆ ಇರುವುದಿಲ್ಲ. ಅತ್ತಿಗೆ ಹಗ್ಗ ಹಿಡಿದು ಅಳೆದು ನೋಡಿ ಒಪ್ಪಿದರು.

ತಾರಸಿಗೆ ಮೂರು, ಕೊಟ್ಟಿಗೆಗೆ ಮೂರು.

2025 ಫೆಬ್ರವರಿ 15

ಕೆಲಸಕ್ಕೆ ಬಂದ ಹುಡುಗರು ಆರನ್ನೂ ಒಂದೇ ಸಾಲಿನಲ್ಲಿ ಜೋಡಿಸಿಬಿಡೋಣ, ವೈರು ಉಳಿಯುತ್ತದೆ ಎಂದರು. ನಾನು ಒಪ್ಪಲಿಲ್ಲ. ಸರಣಿಯಲ್ಲಿ ಕೂತ ಪ್ಯಾನೆಲ್‌ಗಳಲ್ಲೆಲ್ಲ ಹರಿಯುವುದು ಒಂದೇ ಕರೆಂಟು. ಬೆಳಿಗ್ಗೆ ಎಂಟಕ್ಕೆ ಕೊಟ್ಟಿಗೆಯ ಮೂರು ಬಿಸಿಲಲ್ಲಿ, ತಾರಸಿಯ ಮೂರು ನೆರಳಲ್ಲಿ ಇರುವಾಗ ಒಂದು ಗುಂಪು ಇನ್ನೊಂದನ್ನು ಕಟ್ಟಿಹಾಕುತ್ತದೆ. ಅದಕ್ಕೇ ಎರಡು ಎಂಪಿಪಿಟಿ ಇರುವ 3 ಕಿಲೋವ್ಯಾಟ್ ಇನ್ವರ್ಟರ್ ತರಿಸಿದ್ದು. ಪ್ರತಿ ಮಾಡಿಗೂ ಅದರದೇ ದಾರಿ, ಅದರದೇ ವೋಲ್ಟೇಜಿನ ಹುಡುಕಾಟ.

ಮೂರೇ ಪ್ಯಾನೆಲ್ಲಿನ ಸಾಲಿಗೆ ಒಂದು ಕಷ್ಟವಿದೆ. ತಲಾ 41 ವೋಲ್ಟಿನಂತೆ 125ರ ಆಸುಪಾಸು. ಬೇಸಿಗೆಯಲ್ಲಿ ಕಾದಾಗ 110ಕ್ಕೆ ಇಳಿಯುತ್ತದೆ. ಅಷ್ಟು ಕೆಳಗೂ ಕೆಲಸ ಮಾಡುವ ಇನ್ವರ್ಟರೇ ಆಗಬೇಕು; ಆರ್ಡರ್ ಕೊಡುವ ಮೊದಲೇ ಅದರ ಹಾಳೆಯಲ್ಲಿ ಓದಿಕೊಂಡಿದ್ದೆ. ವೋಲ್ಟೇಜ್ ಕಡಿಮೆ ಇದ್ದಷ್ಟೂ ವೈರಿನಲ್ಲಿ ಕಳೆಯುವ ಪಾಲು ಹೆಚ್ಚು. ಕೊಟ್ಟಿಗೆಯಿಂದ ಇನ್ವರ್ಟರಿಗೆ 30 ಮೀಟರ್, ಹೋಗಿಬರಲು 60. 4 ಚದರ ಮಿಲಿಮೀಟರಿನ ವೈರಿಗೆ 13 ಆಂಪಿಯರಿನಲ್ಲಿ ಶೇ 3ರಷ್ಟು ನಷ್ಟ, 6ರದ್ದಾದರೆ ಶೇ 2. ದಪ್ಪದ್ದನ್ನೇ ಎಳೆಸಿದೆ. ಏಪ್ರಿಲ್-ಮೇ ತಿಂಗಳ ಸಿಡಿಲು ನೆನಪಿಟ್ಟುಕೊಂಡು ಎರಡೂ ಸಾಲಿಗೆ ಬೇರೆಬೇರೆ ಸರ್ಜ್ ರಕ್ಷಕ, ಗಟ್ಟಿ ಅರ್ಥಿಂಗ್. ಇದರಲ್ಲಿ ಚೌಕಾಸಿ ಮಾಡಲು ನಾನು ಯಾರನ್ನೂ ಬಿಡಲಿಲ್ಲ.

2025 ಮಾರ್ಚ್ 23

ಎರಡು ದಿಕ್ಕಿನ ಮೀಟರ್ ಕೂತು ಎರಡು ವಾರ. ನಿನ್ನೆ 14.6 ಯೂನಿಟ್.

ನಡುಹಗಲಲ್ಲಿ ತಾರಸಿಯ ಪ್ಯಾನೆಲ್ಲಿನ ಬೆನ್ನಿಗೆ ತಾಪಮಾಪಕ ಹಿಡಿದೆ: 60 ಡಿಗ್ರಿ. 540 ವಾಟ್ ಎಂದು ಬರೆದದ್ದು ಅದು 25 ಡಿಗ್ರಿ ಇದ್ದಾಗಿನ ಮಾತು. ಮೇಲಿನ ಪ್ರತಿ ಡಿಗ್ರಿಗೆ ಶೇ 0.35ರಷ್ಟು ಇಳಿಯುತ್ತದೆ, ಎಂದರೆ ಈಗ ಶೇ 12 ಕಡಿಮೆ. ಕೊಟ್ಟಿಗೆಯಲ್ಲಿ ತಗಡಿಗೂ ಪ್ಯಾನೆಲ್ಲಿಗೂ ನಡುವೆ ಒಂದು ಗೇಣು ಗಾಳಿ ಬಿಡಿಸಿದ್ದು ಇದಕ್ಕೇ. ಪ್ಯಾನೆಲ್ಲಿನ ನೆರಳಿಗೆ ಕೊಟ್ಟಿಗೆಯೊಳಗೂ ತಂಪಾಗಿದೆ. ದನಗಳು ಮಧ್ಯಾಹ್ನ ಆ ಮೂಲೆಗೇ ಮಲಗುತ್ತವೆ.

ಫೋನಿನಲ್ಲಿ ಎಲ್ಲರೂ ನೋಡುವುದು ದಿನದ ಒಟ್ಟು. ನಾನು ನೋಟುಪುಸ್ತಕದಲ್ಲಿ ಎರಡು ಕಂಬಸಾಲು ಹಾಕಿದ್ದೇನೆ, ಒಂದು ತಾರಸಿ, ಒಂದು ಕೊಟ್ಟಿಗೆ. ಎರಡರಲ್ಲೂ ಮೂರು ಮೂರೇ ಇರುವುದರಿಂದ ಹೋಲಿಸುವುದು ಸುಲಭ. ಶುಭ್ರ ದಿನಗಳಲ್ಲಿ ಕೊಟ್ಟಿಗೆ ನೂರು ಕೊಟ್ಟರೆ ತಾರಸಿ ನೂರಹತ್ತು.

2025 ಏಪ್ರಿಲ್ 13

ಒಟ್ಟು 13ರ ಮೇಲೇ ಇದೆ. ಅದೊಂದನ್ನೇ ನೋಡಿದವರಿಗೆ ಏನೂ ತೋರದು. ನನ್ನ ಪುಸ್ತಕದಲ್ಲಿ ಮಾತ್ರ ಕೊಟ್ಟಿಗೆಯ ಸಾಲು ಹತ್ತು ದಿನದಿಂದ ಮೆಲ್ಲಗೆ ಜಾರುತ್ತಿದೆ: ತಾರಸಿಯ ನೂರಹತ್ತಕ್ಕೆ ಇದು ಈಗ ತೊಂಬತ್ತು.

ಬೆಳಿಗ್ಗೆ ಹತ್ತಕ್ಕೆ ಕೊಟ್ಟಿಗೆಯ ವೋಲ್ಟೇಜ್ ನೋಡಿದೆ, ಎಂದಿನಂತೆಯೇ ಇದೆ. ಆಂಪಿಯರ್ ಕಡಿಮೆ. ಇದು ಬಹಳ ಹೇಳುತ್ತದೆ. ಒಂದು ಮೂಲೆಗೆ ಮರದ ನೆರಳು ಬಿದ್ದರೆ ಬೈಪಾಸ್ ಡಯೋಡ್ ಆ ಭಾಗವನ್ನು ಬಿಟ್ಟು ಕರೆಂಟನ್ನು ದಾಟಿಸುತ್ತದೆ, ವೋಲ್ಟೇಜ್ ಮೆಟ್ಟಿಲಿನಂತೆ ಕುಸಿಯುತ್ತದೆ. ವೋಲ್ಟೇಜ್ ನಿಂತು ಆಂಪಿಯರ್ ಇಳಿದಿದೆ ಎಂದರೆ ಮೂರರ ಮೇಲೂ ಒಂದೇ ಸಮನೆ ಏನೋ ಕೂತಿದೆ. ಏಣಿ ಹಾಕಿ ಹತ್ತಿ ಬೆರಳಾಡಿಸಿದೆ. ಜಿಡ್ಡು ಮಸಿ. ಬಚ್ಚಲ ಒಲೆಯ ಹೊಗೆ ಅಲ್ಲಿಗೇ ತಾಗುತ್ತಿದೆ.

ಸೀಗೆಪುಡಿಯ ನೀರು, ಮೆತ್ತನೆ ಬಟ್ಟೆ, ಸಂಜೆಯ ತಂಪಲ್ಲಿ ತೊಳೆದದ್ದು. ಕಾದ ಗಾಜಿಗೆ ತಣ್ಣೀರು ಸುರಿಯಬಾರದು. ಹೊಗೆಯ ಕೊಳವೆಯನ್ನು ಮೂರು ಅಡಿ ಎತ್ತರಿಸಲು ಹೇಳಿದ್ದೇನೆ.

2025 ಜುಲೈ 6

ಕಳೆದ ವಾರ ಒಂದು ದಿನವಿಡೀ ಮಳೆ, 3.1 ಯೂನಿಟ್. ಇಂಥ ದಿನ ಎರಡು ಮಾಡೂ ಸರಿಸಮ. ಮೋಡದ ಬೆಳಕಿಗೆ ದಿಕ್ಕಿಲ್ಲ. ಮರುದಿನ ಒಂದು ಗಳಿಗೆ ಮೋಡ ಹರಿದಾಗ ಅಂಕಿ ಸರ್ರನೆ ಏರಿ ಇನ್ವರ್ಟರಿನ ಮಿತಿ ಮುಟ್ಟಿತು. ತೊಳೆದಿಟ್ಟ ತಂಪು ಪ್ಯಾನೆಲ್, ಮೋಡದಂಚಿನಿಂದ ಚೆದುರಿ ಬಂದ ಬೆಳಕೂ ಜೊತೆಗೆ.

ಲೈನ್ ಹೋಗಿ ಎರಡು ದಿನ. ಲೈನಿನಲ್ಲಿ ಕರೆಂಟಿಲ್ಲದಾಗ ಇನ್ವರ್ಟರ್ ನಿಂತುಬಿಡುತ್ತದೆ. ಕಂಬ ಹತ್ತಿದವನಿಗೆ ನಮ್ಮ ಮಾಡಿನ ಕರೆಂಟು ಹೊಡೆಯಬಾರದು ಎಂಬ ಏರ್ಪಾಡು ಅದು, ಸರಿಯಾದ ಏರ್ಪಾಡು. ಹಾಕಿಸುವ ಮೊದಲೇ ಇದನ್ನು ಮನೆಯವರಿಗೆಲ್ಲ ಹೇಳಿಟ್ಟಿದ್ದರಿಂದ ಯಾರೂ ಗೊಣಗಲಿಲ್ಲ. ಜಗಲಿಯಲ್ಲಿ ಉರಿಯುತ್ತಿರುವುದು ಅಪ್ಪಯ್ಯ 1998ರಲ್ಲಿ ಹಾಕಿಸಿದ 35 ವಾಟಿನ ಹಳೆಯ ಪ್ಯಾನೆಲ್ಲಿನ ದೀಪ. ಬ್ಯಾಟರಿ ಎಷ್ಟೋ ಸಲ ಬದಲಾಗಿದೆ, ಪ್ಯಾನೆಲ್ ಅದೇ. ಅದನ್ನು ತೆಗೆಯುವ ಮಾತು ಬಂದಾಗ ಬೇಡವೆಂದದ್ದು ಅತ್ತಿಗೆ.

2025 ಅಕ್ಟೋಬರ್ 12

ನಾಲ್ಕು ದಿನದಿಂದ ಮಧ್ಯಾಹ್ನ ಮೂರೂವರೆಗೆ ತಾರಸಿಯ ಸಾಲು 14 ವೋಲ್ಟ್ ಕುಸಿಯುತ್ತಿದೆ, ಒಂದು ಗಂಟೆಯ ಬಳಿಕ ಮತ್ತೆ ಏರುತ್ತಿದೆ. 41ರ ಮೂರನೇ ಒಂದು ಪಾಲು, ಒಂದು ಡಯೋಡಿನ ಲೆಕ್ಕ. ಹತ್ತಿ ನೋಡುವ ಮೊದಲೇ ನೆರಳೆಂದು ಗೊತ್ತಾಯಿತು. ನೈಋತ್ಯದ ತೆಂಗಿನಮರ. ಬೇಸಿಗೆಯಲ್ಲಿ ಸೂರ್ಯ ಅದರ ಬಲಗಡೆ ಇಳಿಯುತ್ತಿದ್ದ, ಈಗ ದಕ್ಷಿಣಕ್ಕೆ ಸರಿದು ಅದರ ಹೆಡೆಗಳ ಹಿಂದೆ ಬಂದಿದ್ದಾನೆ.

ತಮ್ಮ ಕಡಿಸೋಣವೇ ಎಂದ. ಕೂತು ಲೆಕ್ಕ ಹಾಕಿದೆವು. ಮೂರು ಪ್ಯಾನೆಲ್ಲಿನಲ್ಲಿ ಒಂಬತ್ತು ಡಯೋಡ್. ಹೋಗುತ್ತಿರುವುದು ಒಂಬತ್ತರಲ್ಲೊಂದು ಪಾಲು, ಅದೂ ಬಿಸಿಲು ಇಳಿದ ಒಂದು ಗಂಟೆ. ದಿನಕ್ಕೆ 0.1 ಯೂನಿಟ್. ಫೆಬ್ರವರಿಯ ತನಕ ಹೀಗೇ ಇದ್ದರೂ ಇಡೀ ಚಳಿಗಾಲಕ್ಕೆ 15 ಯೂನಿಟ್ ದಾಟದು. ನಾನು ಪೆನ್ಸಿಲ್ ಇಡುವ ಮೊದಲೇ ತಮ್ಮ ಎದ್ದು, ಕಾಯಿ ಕೀಳುವವನಿಗೆ ಫೋನು ಮಾಡಲು ಹೋದ. ಗೊನೆಗಳು ಬಲಿತಿವೆ.