ಹಾಡದವನ ಹಾಡು

ಒಬ್ಬನೇ ವಾದ್ಯಗಾರನ ನೂರಾರು ಧ್ವನಿಮುದ್ರಿಕೆಗಳನ್ನು ಒಂದೊಂದಾಗಿ ಕೇಳಿ ಮುಗಿಸುತ್ತೇನೆಂದು ಹೊರಟವನ ವಿಷಯದಲ್ಲಿ ಅವನ ಮನೆಯವರ ಅಭಿಪ್ರಾಯ ಏನಿದ್ದೀತೆಂಬುದನ್ನು ವಾಚಕರು ಸುಲಭವಾಗಿ ಊಹಿಸಬಲ್ಲರು. ನನ್ನ ಹೆಂಡತಿ ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ರಾತ್ರಿಯ ಹಾಲಿನ ಲೋಟವನ್ನು ಮೇಜಿನ ಮೇಲೆ ಇಡುವಾಗ ಎಂದಿಗಿಂತ ತುಸು ಗಟ್ಟಿಯಾಗಿ ಇಟ್ಟಳು, ಅಷ್ಟೆ. ಹನ್ನೆರಡು ವರ್ಷಗಳ ದಾಂಪತ್ಯದಲ್ಲಿ ಆ ಸದ್ದಿನ ಅರ್ಥವನ್ನು ನಾನು ಚೆನ್ನಾಗಿ ಕಲಿತಿದ್ದೇನೆ.

ಇದಕ್ಕೆಲ್ಲ ಮೂಲ ನನ್ನ ಒಂದು ತರಗತಿ. ಎರಡನೆಯ ವರ್ಷದ ಬಿ.ಎ. ಹುಡುಗರಿಗೆ ದಾಸಸಾಹಿತ್ಯವನ್ನು ಪಾಠ ಹೇಳುತ್ತಿದ್ದೆ. ಪುರಂದರದಾಸರು 4,75,000 ಪದಗಳನ್ನು ರಚಿಸಿದರೆಂಬುದು ಪರಂಪರೆಯ ಮಾತು. ನಮಗೆ ದಕ್ಕಿರುವುದು ಅದರಲ್ಲಿ ಅತ್ಯಲ್ಪ ಭಾಗ. ಇಷ್ಟನ್ನು ಹೇಳಿ ಸುಮ್ಮನಾಗಬಹುದಾಗಿತ್ತು. ಅಧ್ಯಾಪಕನ ನಾಲಿಗೆಗೆ ಅಷ್ಟು ಸಂಯಮ ಎಲ್ಲಿಯದು! 'ಸಂಖ್ಯೆ ಬೆಳೆದಂತೆ ಸತ್ತ್ವ ಇಳಿಯುವುದು ಲೋಕದ ನಿಯಮ; ದಾಸರಂಥವರು ಅದಕ್ಕೆ ಅಪವಾದ' ಎಂದು ಒಂದು ತೀರ್ಪನ್ನೂ ಕೊಟ್ಟುಬಿಟ್ಟೆ. ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅಮೆರಿಕದಲ್ಲಿ ಗಿಟಾರ್ ನುಡಿಸುವ ಒಬ್ಬಾತನಿದ್ದಾನೆಂದೂ, ಅವನ ಆಲ್ಬಂಗಳ ಸಂಖ್ಯೆ ಮುನ್ನೂರನ್ನು ಎಂದೋ ದಾಟಿತೆಂದೂ, ಅವುಗಳಲ್ಲಿ ಬಹುಪಾಲು ಬರಿಯ ವಾದ್ಯಸಂಗೀತವೆಂದೂ ಹೇಳಿದ. 'ಹಾಗಾದರೆ ಒಂದೂ ಚೆನ್ನಾಗಿರಲಾರದು' ಎಂದೆ. ತರಗತಿ ನಕ್ಕಿತು. ಹುಡುಗ ಮಾತ್ರ ನಗಲಿಲ್ಲ. 'ತಾವು ಎಷ್ಟು ಕೇಳಿದ್ದೀರಿ, ಸಾರ್?' ಎಂದ.

ವಿನಯದಿಂದಲೇ ಕೇಳಿದ ಪ್ರಶ್ನೆ. ಆದುದರಿಂದಲೇ ಅದು ನಾಟಿತು.

ಇನ್ನೊಂದು ಗುಟ್ಟನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ನನ್ನ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯವನ್ನು ನಾನು ಏಳು ವರ್ಷಗಳಿಂದ ತಿದ್ದುತ್ತಿದ್ದೇನೆ. ಬರೆದದ್ದನ್ನು ಹೊಡೆದುಹಾಕುವುದರಲ್ಲಿ ನನಗಿರುವ ಪ್ರಾವೀಣ್ಯ ಬರೆಯುವುದರಲ್ಲಿ ಇಲ್ಲ. ಪ್ರತಿ ದೀಪಾವಳಿಗೂ ನಮ್ಮ ತಾಯಿ, 'ನಿನ್ನ ಪುಸ್ತಕ ಬಂತೇನಪ್ಪಾ?' ಎಂದು ಕೇಳುವುದು, 'ಬರುತ್ತೆ' ಎಂದು ನಾನು ಎಣ್ಣೆಯ ತಲೆಯನ್ನು ತಗ್ಗಿಸುವುದು, ಒಂದು ಕುಲಾಚಾರವೇ ಆಗಿಹೋಗಿದೆ. ಇಂಥವನು ಮುನ್ನೂರರ ಸುದ್ದಿ ಕೇಳಿ ಮುಖ ಸಿಂಡರಿಸಿದರೆ ಅದು ವಿಮರ್ಶೆಯೋ ಹೊಟ್ಟೆಕಿಚ್ಚೋ?

ಅದೇ ತಿಂಗಳಲ್ಲಿ ತಾಯಿ ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ಅವರಿಗೆ ಹಗಲೆಲ್ಲ ಜೊಂಪು, ರಾತ್ರಿಯೆಲ್ಲ ಎಚ್ಚರ. ಹಗಲಿನ ಶುಶ್ರೂಷೆ ನನ್ನ ಹೆಂಡತಿಯದು, ರಾತ್ರಿಯದು ನನ್ನದು ಎಂದು ಗೊತ್ತಾಯಿತು. ಮಂಚದ ಪಕ್ಕದಲ್ಲಿ ಕುರ್ಚಿ, ಕಾಲ ಬಳಿ ಉತ್ತರಪತ್ರಿಕೆಗಳ ಕಟ್ಟು, ಕಿವಿಯಲ್ಲಿ ಆ ಹುಡುಗ ಬರೆದುಕೊಟ್ಟ ಪಟ್ಟಿಯ ಗಿಟಾರ್. ನನ್ನ ಶ್ರವಣಯಜ್ಞ ಆರಂಭವಾದುದು ಹೀಗೆ.

ಆತನ ಹೆಸರು ಬ್ರಯನ್ ಪ್ಯಾಟ್ರಿಕ್ ಕ್ಯಾರಲ್. ಹುಟ್ಟಿದ್ದು 1969ರಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಲೋಕ ಬಲ್ಲದ್ದು ಬಕೆಟ್‌ಹೆಡ್ ಎಂಬ ಹೆಸರಿನಿಂದ. ಹುರಿದ ಕೋಳಿಯನ್ನು ತುಂಬಿ ಮಾರುವ ಕಾಗದದ ಬಕೆಟ್ಟನ್ನು ಬೋರಲಾಗಿ ತಲೆಗಿಟ್ಟುಕೊಂಡು, ಮುಖಕ್ಕೆ ಭಾವರಹಿತವಾದ ಬಿಳಿಯ ಮುಖವಾಡ ಧರಿಸಿ ರಂಗಕ್ಕೆ ಬರುತ್ತಾನೆ. ಮಾತಾಡುವುದಿಲ್ಲ. ನಡುವೆ ಗಿಟಾರ್ ಕೆಳಗಿಟ್ಟು ಯಂತ್ರಮಾನವನಂತೆ ಕುಣಿಯುತ್ತಾನೆ. ಸಭಿಕರಿಗೆ ಆಟಿಕೆಗಳನ್ನು ಹಂಚುತ್ತಾನೆ. ಚಿತ್ರವನ್ನು ಕಂಡಾಗ ನಮ್ಮ ಜಾತ್ರೆಗಳ ಸೋಗಿನವರು ನೆನಪಾದರು. ಸೋಗಿನವನು ಆಟ ಮುಗಿದ ಮೇಲೆ ಬಣ್ಣ ಒರೆಸಿಕೊಂಡು ಬೀಡಿ ಸೇದುತ್ತಾನೆ. ಈತ ಮುಖವಾಡವನ್ನು ತೆಗೆದು ಜನರ ಮುಂದೆ ಬರುವುದೇ ಅಪೂರ್ವ. 2000ದಿಂದ 2004ರವರೆಗೆ ಗನ್ಸ್ ಎನ್ ರೋಸಸ್ ಎಂಬ ಲೋಕಪ್ರಸಿದ್ಧ ತಂಡದಲ್ಲಿದ್ದಾಗಲೂ ಬಕೆಟ್ಟು ತಲೆಯಿಂದ ಇಳಿಯಲಿಲ್ಲವಂತೆ. ಬೇರೊಂದು ಹೆಸರಿನಿಂದಲೂ ಮುದ್ರಿಕೆಗಳನ್ನು ತಂದಿದ್ದಾನೆ: ಡೆತ್ ಕ್ಯೂಬ್ ಕೆ. ಇಂಗ್ಲಿಷಿನಲ್ಲಿ ಬರೆದು ನೋಡಿದರೆ ಅವೇ ಹತ್ತು ಅಕ್ಷರಗಳು, ಸ್ಥಾನ ಮಾತ್ರ ಬೇರೆ. ನಮ್ಮ ಚಿತ್ರಕವಿಗಳು ಕಂಡಿದ್ದರೆ ತಲೆದೂಗುತ್ತಿದ್ದರು.

ಅವನ ಮೊದಲ ಏಕವ್ಯಕ್ತಿ ಆಲ್ಬಂ 1992ರಲ್ಲಿ ಹೊರಬಂದಿತು. 2007ರಲ್ಲಿ ಹದಿಮೂರು ತಟ್ಟೆಗಳ ಒಂದು ಕಟ್ಟನ್ನು ಕೈಯಿಂದಲೇ ಅಲಂಕರಿಸಿ ಮಾರಿದ. ನಿಜವಾದ ಹೊಳೆ ಹರಿಯತೊಡಗಿದ್ದು 2011ರಿಂದ. 'ಪೈಕ್' ಎಂಬ ಹೆಸರಿನ ಮಾಲೆ ಅದು. ಮಕ್ಕಳ ಚಿತ್ರಕಥೆಯ ಪುಸ್ತಕಗಳಂತೆ ಒಂದೊಂದಕ್ಕೂ ಕ್ರಮಸಂಖ್ಯೆ, ಒಂದೊಂದೂ ಸುಮಾರು ಅರ್ಧ ಗಂಟೆಯದು. 2015ನೆಯ ಒಂದೇ ವರ್ಷದಲ್ಲಿ 118 ಆಲ್ಬಂಗಳು! ಹೆಚ್ಚುಕಡಿಮೆ ಮೂರು ದಿನಕ್ಕೊಂದರಂತೆ ಆಯಿತು. ಆ ವರ್ಷದ ಅಕ್ಟೋಬರಿನಲ್ಲಂತೂ, ಅವರ ಪಿಶಾಚಿಗಳ ಹಬ್ಬಕ್ಕೆ ದಿನಗಳನ್ನೆಣಿಸುತ್ತ, ದಿನಕ್ಕೊಂದರಂತೆ ಕೊಟ್ಟನಂತೆ. ನಾನು ಆ ತಿಂಗಳು ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಮೂರನೆಯ ಅಧ್ಯಾಯದ ಮೊದಲ ವಾಕ್ಯದಲ್ಲಿ 'ಆದರೆ' ಇರಬೇಕೋ 'ಆದಾಗ್ಯೂ' ಇರಬೇಕೋ ಎಂಬ ಜಿಜ್ಞಾಸೆ ಆಗಲೇ ಹುಟ್ಟಿರಬೇಕು.

ಮೊದಲ ಹತ್ತು ರಾತ್ರಿಗಳ ಅನುಭವವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬಹಳ ಕಡೆ ಬೇಸರವಾಯಿತು. ಒಂದೇ ತುಣುಕನ್ನು ಅರೆದು ಅರೆದು ನುಣ್ಣಗೆ ಮಾಡಿದ್ದಾನೆ. ಕೆಲವೆಡೆ ಬೀಸುಕಲ್ಲು ಮಾತ್ರ ತಿರುಗುತ್ತದೆ, ಹಿಟ್ಟು ಬೀಳುವುದಿಲ್ಲ. ಕೆಲವು ಬರಿಯ ಅಬ್ಬರ. ಕೆಲವನ್ನು ಹಿಂದಿನ ರಾತ್ರಿ ಕೇಳಿದ್ದೆನೋ ಇಲ್ಲವೋ ಎಂದು ಸಂದೇಹವಾಗಿ ಮತ್ತೆ ಕೇಳಿ, ಕೇಳಿದ್ದೆನೆಂದು ಖಾತ್ರಿಯಾಗಿ ಸಿಟ್ಟುಬಂತು. ಆರಿಸುವ ಕೆಲಸವನ್ನು ತಾನು ಮಾಡದೆ ನಮ್ಮ ಮೇಲೆ ಹೊರಿಸಿದ್ದಾನಲ್ಲ ಎಂಬ ಆಕ್ಷೇಪ ನನಗೆ ಇಂದಿಗೂ ಉಂಟು. ಒಮ್ಮೆ ಬರೆದ ಪದವನ್ನು ಅಳಿಸುವುದಿಲ್ಲವೆಂಬ ಹೆಗ್ಗಳಿಕೆ ಕುಮಾರವ್ಯಾಸನಿಗೆ ಒಪ್ಪುತ್ತದೆ, ಎಲ್ಲರಿಗೂ ಒಪ್ಪೀತೆ?

ಆದರೂ ಬಿಡಲಾಗಲಿಲ್ಲ. ಅದಕ್ಕೆ ಒಂದು ಕಾರಣ ಆ ಕೆಂಪು ಗುಂಡಿ. ಅವನ ಬಿಳಿಯ ಗಿಟಾರಿನ ಮೈಮೇಲೆ, ಆಟದ ಯಂತ್ರಗಳಲ್ಲಿರುವಂಥ ಒಂದು ಕೆಂಪು ಗುಂಡಿಯಿದೆ. ಅದನ್ನು ಒತ್ತಿದಷ್ಟು ಹೊತ್ತು ನಾದ ಕಡಿದುಹೋಗುತ್ತದೆ, ಬಿಟ್ಟೊಡನೆ ಮತ್ತೆ ಬರುತ್ತದೆ. ಒಂದು ಕೈ ತಂತಿಯ ಮೇಲೆ ಸ್ವರವನ್ನು ಹಿಡಿದಿರುವಾಗ ಇನ್ನೊಂದು ಕೈ ಆ ಗುಂಡಿಯನ್ನು ಅತಿವೇಗವಾಗಿ ಒತ್ತಿಬಿಟ್ಟು, ಒತ್ತಿಬಿಟ್ಟು, ಒಂದು ದೀರ್ಘಸ್ವರವನ್ನು ಸಾಸುವೆಯಂತೆ ಸಿಡಿಸುತ್ತದೆ. ಚಿಕ್ಕವರಾಗಿದ್ದಾಗ ತಿರುಗುವ ಫ್ಯಾನಿನ ಮುಂದೆ ಮುಖವಿಟ್ಟು 'ಆ' ಎಂದು ಕೂಗಿ, ದನಿ ತುಂಡುತುಂಡಾಗುವುದನ್ನು ಕೇಳಿ ನಗದವರು ಯಾರಿದ್ದಾರೆ? ಅದೇ ಆಟ. ಆದರೆ ಸದ್ದು ಮಾಡುವುದಕ್ಕೆಂದೇ ಹುಟ್ಟಿದ ವಾದ್ಯದಲ್ಲಿ ಸದ್ದಡಗಿಸುವುದಕ್ಕೊಂದು ಗುಂಡಿಯನ್ನಿಟ್ಟು, ಆ ಮೌನವನ್ನೇ ಲಯವಾಗಿ ನುಡಿಸುವುದು ನನಗೆ ಹೊಸದಾಗಿತ್ತು.

2002ರ 'ಎಲೆಕ್ಟ್ರಿಕ್ ಟಿಯರ್ಸ್' ಎಂಬ ಆಲ್ಬಂ ಕೇಳುತ್ತಿದ್ದಾಗ ಪಟ್ಟಿಯಲ್ಲಿ 'ಪದ್ಮಾಸನ' ಎಂಬ ಹೆಸರು ಕಂಡು ಬೆಚ್ಚಿದೆ. ನಮ್ಮ ರಾಗದ ನೆರಳೇನಾದರೂ ಇದ್ದೀತೆಂದು ಹುಡುಕುವ ಚಪಲ ಕೆಲಹೊತ್ತು ಕಾಡಿತು. ಹೆಸರನ್ನು ಮರೆತು ಕೇಳಿದ ಮೇಲೆ ಚೆನ್ನಾಗಿ ಕೇಳಿಸಿತು. ಡೋಲಿಲ್ಲ, ತಾಳವಿಲ್ಲ, ಅವಸರವಿಲ್ಲ. ಅಬ್ಬರದ ಪೈಕ್‌ಗಳನ್ನು ನುಡಿಸಿದ ಬೆರಳುಗಳು ಇವೇ ಎಂದರೆ ನಂಬುವುದು ಕಷ್ಟ.

ಹದಿನೈದನೆಯ ರಾತ್ರಿಯೋ ಏನೋ, 1998ರ 'ಕೋಲ್ಮಾ'ವನ್ನು ಹಚ್ಚಿದೆ. ಕೋಲ್ಮಾ ಎಂಬುದು ಸ್ಯಾನ್‌ಫ್ರಾನ್ಸಿಸ್ಕೋ ನಗರದ ದಕ್ಷಿಣಕ್ಕಿರುವ ಪುಟ್ಟ ಊರು. 1900ರಲ್ಲಿ ಆ ನಗರ ತನ್ನ ಎಲ್ಲೆಯೊಳಗೆ ಹೆಣ ಹೂಳುವುದನ್ನು ನಿಷೇಧಿಸಿತು. ಮುಂದೆ, ಹಳೆಯ ಸಮಾಧಿಗಳನ್ನೂ ತೆರವು ಮಾಡಬೇಕೆಂದಿತು. ನೆಲದ ಬೆಲೆ ಏರಿದಾಗ ಸತ್ತವರಿಗೂ ಬಾಡಿಗೆಮನೆ ಖಾಲಿ ಮಾಡುವ ಗತಿ ಬರುತ್ತದೆ. ಅವರೆಲ್ಲ ಹೋಗಿ ನೆಲಸಿದ್ದು ಕೋಲ್ಮಾದಲ್ಲಿ. ಅಲ್ಲಿ ಬದುಕಿರುವವರು ಸುಮಾರು ಒಂದೂವರೆ ಸಾವಿರ, ಮಣ್ಣಿನಲ್ಲಿರುವವರು ಹದಿನೈದು ಲಕ್ಷಕ್ಕೂ ಮೇಲೆ. ಇಂಥ ಊರಿನ ಹೆಸರಿಟ್ಟ ಆಲ್ಬಮನ್ನು ಆತ ಮಾಡಿದ್ದು ಯಾರಿಗಾಗಿ? ಕ್ಯಾನ್ಸರಿನಿಂದ ಆಸ್ಪತ್ರೆ ಸೇರಿದ್ದ ತನ್ನ ತಾಯಿಗಾಗಿ. ಚೇತರಿಸಿಕೊಳ್ಳುವಾಗ ಆಕೆ ಕೇಳಿ ಸಂತೋಷಪಡಲೆಂದು. ನಮ್ಮ ಮನೆಗಳಲ್ಲಾದರೆ ಹಿರಿಯರು ಕಿವಿ ಹಿಂಡಿ 'ಬೇರೆ ಹೆಸರು ಸಿಗಲಿಲ್ಲವೇನೋ' ಎನ್ನುತ್ತಿದ್ದರು. ಆದರೆ ಒಳಗಿನ ಸಂಗೀತ ಬಹುಪಾಲು ಮೆತ್ತನೆಯದು. ನಾಲ್ಕಾರು ಸ್ವರಗಳು ಬರುತ್ತವೆ, ನಿಲ್ಲುತ್ತವೆ, ಹೊದಿಕೆಯನ್ನು ಸರಿಪಡಿಸಿ ಹಿಂದಕ್ಕೆ ಹೋಗುತ್ತವೆ. 'ಬಿಗ್ ಸರ್ ಮೂನ್' ಎಂಬ ಚಿಕ್ಕ ರಚನೆಯಲ್ಲಿ ನುಡಿಸಿದ ಸ್ವರವನ್ನು ಒಂದು ಯಂತ್ರ ಹಿಡಿದಿಟ್ಟುಕೊಂಡು ಕ್ಷಣ ತಡೆದು ಹಿಂದಿರುಗಿಸುತ್ತದೆ. ಆ ತಡೆಯ ಸಂದಿನಲ್ಲಿ ಆತ ಮುಂದಿನ ಸ್ವರವನ್ನು ಹಾಕುತ್ತಾನೆ. ಒಬ್ಬನೇ ತನ್ನ ಪ್ರತಿಧ್ವನಿಯೊಡನೆ ಜುಗಲ್‌ಬಂದಿಗೆ ಕುಳಿತಂತೆ.

'ಏನೋ ಅದು ಅಷ್ಟು ಹೊತ್ತಿನಿಂದ?' ಎಂದರು ತಾಯಿ. ಮಲಗಿದ್ದಾರೆಂದುಕೊಂಡಿದ್ದೆ. ಕಿವಿಯ ತಂತಿಗಳನ್ನು ಕಿತ್ತು, ಮೊಬೈಲನ್ನು ದಿಂಬಿನ ಬಳಿ ಇಟ್ಟು, 'ಫಾರ್ ಮಾಮ್' ಎಂಬುದನ್ನು ಹಚ್ಚಿದೆ. ಹೆಸರೇ 'ಅಮ್ಮನಿಗಾಗಿ' ಎಂದು. ಅವರು ಕಣ್ಣುಮುಚ್ಚಿ ಕೇಳಿದರು. ನಾನು ಪರೀಕ್ಷಾರ್ಥಿಯಂತೆ ಅವರ ಮುಖವನ್ನೇ ನೋಡುತ್ತಿದ್ದೆ. ಮುಗಿಯುತ್ತ ಬಂದಾಗ ಅವರೆಂದರು:

'ಹಾಡುವವರು ಇನ್ನೂ ಬರಲಿಲ್ಲವೇ?'

ಅವರ ಎಪ್ಪತ್ತು ವರ್ಷಗಳ ಶ್ರವಣದಲ್ಲಿ ವಾದ್ಯವೆಂದರೆ ಹಾಡಿಗೆ ಮೊದಲು ಶ್ರುತಿಗೂಡಿಸುವುದು, ಇಲ್ಲವೇ ಹಾಡಿನ ಹಿಂದೆ ನಡೆಯುವುದು. 'ಇದರಲ್ಲಿ ಹಾಡುವವರಿಲ್ಲಮ್ಮ. ಗಿಟಾರ್ ಒಂದೇ' ಎಂದೆ. 'ಹಾಡದೆ ಇದ್ದರೆ ಹೇಳುವುದು ಹೇಗೆ?' ಎಂದರು. ಉತ್ತರವಾಗಿ, ಇದು ಯಾರಿಗಾಗಿ ಮಾಡಿದ್ದೆಂಬ ಕಥೆಯನ್ನು ಹೇಳಿದೆ. ಊರಿನ ಹೆಸರಿನ ಅರ್ಥವನ್ನು ಮಾತ್ರ ಬಿಟ್ಟೆ. ಅವರು ಇನ್ನೊಮ್ಮೆ ಹಾಕೆಂದರು. ಎರಡನೆಯ ಸಲ ಮುಗಿದ ಮೇಲೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, 'ಆಕೆಗೆ ವಾಸಿಯಾಯಿತೇ?'

'ಆಯಿತಂತೆ' ಎಂದೆ. ನನಗೆ ತಿಳಿದಿರಲಿಲ್ಲ. ರಾತ್ರಿ ಎರಡು ಗಂಟೆಯಲ್ಲಿ ರೋಗಿಗೆ ಬೇರೆ ಏನು ಹೇಳುವುದು?

ಅಂದಿನಿಂದ ಆ ಪಟ್ಟಿಯನ್ನು ನಾನು ಓದುವ ಬಗೆಯೇ ಬದಲಾಯಿತು. 2006ರ 'ಸೂತ್‌ಸೇಯರ್' ಎಂಬ, ಅವನ ಅಭಿಮಾನಿಗಳೆಲ್ಲ ಕೊಂಡಾಡುವ ರಚನೆ ಒಬ್ಬ ಅತ್ತೆಗೋ ಚಿಕ್ಕಮ್ಮನಿಗೋ ಅರ್ಪಿತವಾದುದು. ಇಂಗ್ಲಿಷಿನಲ್ಲಿ ಈ ನಂಟುಗಳೆಲ್ಲ ಒಂದೇ ಪದದಲ್ಲಿ ಕಲಸಿಹೋಗಿರುವುದರಿಂದ ಯಾರೆಂದು ಹೇಳಲಾರೆ. 'ಕೋಲ್ಮಾ'ದಲ್ಲೇ, ತಂದೆಯೊಡನೆ ದೋಣಿಗಳನ್ನು ನೋಡಿದ ನೆನಪಿನದೊಂದು ರಚನೆಯಿದೆ. ಪೈಕ್ ಮಾಲೆಯಲ್ಲಿ 2013ರ 13ನೆಯದಕ್ಕೆ ಹೆಸರೇ ಇಲ್ಲ. ಹೊದಿಕೆಯ ಮೇಲೆ ಒಂದು ಛಾಯಾಚಿತ್ರ: ತಂದೆಯನ್ನು ಅಪ್ಪಿಕೊಂಡಿರುವ ಮಗ. ಬಕೆಟ್ಟಿಲ್ಲ, ಮುಖವಾಡವಿಲ್ಲ. ನನ್ನ ತಂದೆ ಹೋಗಿ ಒಂಬತ್ತು ವರ್ಷವಾಯಿತು. ನಾವಿಬ್ಬರೂ ಅಷ್ಟು ಹತ್ತಿರ ನಿಂತ ಚಿತ್ರ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಮದುವೆಯ ಚಿತ್ರದಲ್ಲಿ ಕೂಡ ನಡುವೆ ಪುರೋಹಿತರಿದ್ದಾರೆ.

65ನೆಯ ಪೈಕ್ 2014ರದು. ಹೆಸರು 'ಹೋಲ್ಡ್ ಮಿ ಫಾರೆವರ್', ಎಂದೆಂದಿಗೂ ನನ್ನನ್ನು ಹಿಡಿದುಕೊಂಡಿರು ಎಂಬರ್ಥ. ಅದರ ಕೆಳಗೆ, ತಾಯಿಯ ನೆನಪಿಗೆ ಎಂಬ ಒಕ್ಕಣೆ. ಓದಿದವನು ಮೊಬೈಲನ್ನು ಮಗುಚಿಟ್ಟೆ. ಅದರ ಹಿಂದೆಯೂ ಮುಂದೆಯೂ ಅರವತ್ತು, ಎಪ್ಪತ್ತು, ನೂರು ಎಂದು ಸಂಖ್ಯೆಗಳು ಸಾಲುಗಟ್ಟಿವೆ. ಆ ವರ್ಷ ಮುಗಿದು ಮರುವರ್ಷವೇ 118 ಆಲ್ಬಂ ಮಾಡಿದ್ದ. ತರಗತಿಯಲ್ಲಿ ನಾನು ನಗೆಯಾಡಿದ ಸಂಖ್ಯೆ ಅದು. ದಿನವೂ ತಂತಿ ಮೀಟದಿದ್ದರೆ ಅವನಿಗೆ ದಿನ ಕಳೆಯುತ್ತಿರಲಿಲ್ಲವೇನೋ ಎಂದು ಆಗ ಮೊದಲ ಬಾರಿಗೆ ಅನ್ನಿಸಿತು. ಹಾಗೆಂದು ಆ ನೂರಾ ಹದಿನೆಂಟೂ ಚೆನ್ನಾಗಿವೆ ಎನ್ನಲಾರೆ. ನಾನು ಕೇಳಿರುವ ಮೂವತ್ತರಲ್ಲಿ ಮನಸ್ಸಿನಲ್ಲಿ ನಿಂತವು ಐದೋ ಆರೋ. ಹುಡುಗನಿಗೂ ಇದನ್ನೇ ಹೇಳಿದೆ. 'ನನಗೂ ಅಷ್ಟೇ, ಸಾರ್. ಆದರೆ ನನ್ನ ಆರು ಬೇರೆ' ಎಂದ.

ತಾಯಿ ಈಗ ನಡೆಗೋಲಿನ ಆಸರೆಯಲ್ಲಿ ಹಜಾರದವರೆಗೆ ಬರುತ್ತಾರೆ. ರಾತ್ರಿಯ ನಿದ್ರೆಯೂ ಮರಳಿದೆ. ಹಾಗಾಗಿ ನನ್ನ ಯಜ್ಞ 143ರಲ್ಲಿ ನಿಂತಿದೆ. ಮೂರನೆಯ ಅಧ್ಯಾಯ ಮೇಜಿನ ಮೇಲಿದೆ. 'ಆದರೆ'ಯನ್ನೇ ಉಳಿಸಿಕೊಂಡು ಮುಂದಿನ ಮೂರು ಪುಟ ಬರೆದಿದ್ದೇನೆ, ಅವು ಚೆನ್ನಾಗಿಲ್ಲ. ಮೊನ್ನೆ ಸಂಜೆ ದೀಪ ಹಚ್ಚುವ ಹೊತ್ತಿಗೆ ತಾಯಿ ಕುರ್ಚಿಯಲ್ಲಿ ಕುಳಿತು, 'ಆ ಹಾಡದವನ ಹಾಡು ಹಾಕೋ' ಎಂದರು. ಹಾಕಿದೆ. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ಕೈಯೊರೆಸಿಕೊಳ್ಳುತ್ತ ನಿಂತಳು. ಅರ್ಧ ಆಗಿತ್ತು, ತಾಯಿ ಪಕ್ಕದ ಬೀದಿಯವರನ್ನು ವಿಚಾರಿಸುವಂತೆ ಕೇಳಿದರು:

'ಅವನ ತಾಯಿ ಈಗ ಓಡಾಡುತ್ತಾಳಂತೆಯೇ?'

ನಾನು ದನಿಯನ್ನು ಸ್ವಲ್ಪ ಏರಿಸಿದೆ.