ಜ್ವರ ಇಳಿದ ಮೇಲೂ 14 ದಿನ

ಅಮ್ಮನ ಕರುಳಿನ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಬಾಯಿಗೆ ಇನ್ನೂ ಏನೂ ಕೊಡುವ ಹಾಗಿರಲಿಲ್ಲ. ಔಷಧಿ, ಪೋಷಕಾಂಶ ಎಲ್ಲಾ ಕತ್ತಿನ ದೊಡ್ಡ ರಕ್ತನಾಳಕ್ಕೆ ಹಾಕಿದ್ದ ಸೆಂಟ್ರಲ್ ಲೈನ್ ಮೂಲಕವೇ ಹೋಗ್ತಿತ್ತು. ಆರನೇ ದಿನ ರಾತ್ರಿ ಚಳಿಜ್ವರ. ಎರಡು ಕಂಬಳಿ ಹೊದಿಸಿದರೂ ನಿಲ್ಲದ ನಡುಕ. ಹೊಟ್ಟೆಯ ಗಾಯ ಒಣಗ್ತಿತ್ತು, ಎದೆಯ ಎಕ್ಸ್‌ರೇ ಸರಿಯಿತ್ತು. ಡಾಕ್ಟರಿಗೆ ಅನುಮಾನ ಬಂದಿದ್ದು ಆ ಲೈನ್ ಮೇಲೆ.

ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಲೈನ್‌ನಿಂದ ಒಮ್ಮೆ, ತೋಳಿನಿಂದ ಒಮ್ಮೆ ರಕ್ತ ತೆಗೆದು ಕಲ್ಚರ್‌ಗೆ ಕಳಿಸಿದರು. "ಎರಡೂ ಒಂದೇ ರಕ್ತ ಅಲ್ವಾ ಡಾಕ್ಟ್ರೇ?" ಅಂದೆ. ಲೈನ್‌ನ ಬಾಟಲಿಯಲ್ಲಿ ಬ್ಯಾಕ್ಟೀರಿಯಾ 2 ಗಂಟೆಯಾದರೂ ಮೊದಲು ಬೆಳೆದರೆ ಸೋಂಕಿನ ಮೂಲ ಲೈನೇ ಅಂತ ತಿಳಿಯುತ್ತಂತೆ. ಹಾಗೇ ಆಯ್ತು. ಸಿಕ್ಕಿದ್ದು ಸ್ಟ್ಯಾಫಿಲೋಕಾಕಸ್ ಆರಿಯಸ್. ಇದು ಪ್ಲಾಸ್ಟಿಕ್ ಮೇಲೆ ಲೋಳೆಯಂಥ ಪದರ ಕಟ್ಟಿಕೊಂಡು ಕೂರುತ್ತೆ, ಔಷಧಿ ಒಳಗೆ ಸರಿಯಾಗಿ ಇಳಿಯಲ್ಲ. ಅದಕ್ಕೇ ಅವತ್ತೇ ಲೈನ್ ತೆಗೆದರು.

ಮೊದಲು ಕೊಟ್ಟಿದ್ದು ವ್ಯಾಂಕೊಮೈಸಿನ್. ಪೂರ್ತಿ ರಿಪೋರ್ಟ್ ಬಂದ ಮೇಲೆ ಸೆಫಜೋಲಿನ್‌ಗೆ ಬದಲಾಯಿಸಿದರು. ಅಣ್ಣ ಕೆರಳಿದ. "ದೊಡ್ಡ ಔಷಧಿ ನಿಲ್ಲಿಸಿ ಚಿಕ್ಕದು ಯಾಕೆ ಕೊಡ್ತಿದೀರಾ?"

ಡಾಕ್ಟರ್ ಸಮಾಧಾನವಾಗಿ ಹೇಳಿದರು: "ಮಾಮೂಲಿ ಔಷಧಿಗೆ ಬಗ್ಗದ ತಳಿ ಇರಬಹುದು ಅಂತ ಅದನ್ನ ಕೊಟ್ಟಿದ್ದು. ಇದು ಬಗ್ಗುವ ತಳಿ. ಇದಕ್ಕೆ ಸೆಫಜೋಲಿನ್ನೇ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತೆ."

ಎರಡೇ ದಿನಕ್ಕೆ ಜ್ವರ ಬಿಟ್ಟಿತು. ಅಮ್ಮನ ಹಟ ಶುರು. "ಜ್ವರ ಇಲ್ವಲ್ಲೇ, ಮನೆಗೆ ಕರ್ಕೊಂಡು ಹೋಗು. ಇದ್ದಬದ್ದ ದುಡ್ಡೆಲ್ಲ ಇಲ್ಲೇ ಸುರೀಬೇಡ." ಬಿಲ್ ನೋಡಿದಾಗ ನನಗೂ ಎದೆ ಧಸಕ್ಕೆನ್ನುತ್ತಿತ್ತು.

ಆದರೆ ಇಲ್ಲಿ ಲೆಕ್ಕ ಬೇರೆ. ದಿನ ಎಣಿಸೋದು ಮೊದಲ ಇಂಜೆಕ್ಷನ್‌ನಿಂದಲ್ಲ, ಜ್ವರ ಇಳಿದ ದಿನದಿಂದಲೂ ಅಲ್ಲ. ಬ್ಯಾಕ್ಟೀರಿಯಾ ಇಲ್ಲ ಅಂತ ಬಂದ ಮೊದಲ ಕಲ್ಚರ್‌ನ ರಕ್ತ ತೆಗೆದ ದಿನದಿಂದ. ಅಲ್ಲಿಂದ ಕನಿಷ್ಠ 14 ದಿನ. ಈ ಬ್ಯಾಕ್ಟೀರಿಯಾ ಸದ್ದಿಲ್ಲದೆ ಹೃದಯದ ಕವಾಟಕ್ಕೋ ಬೆನ್ನುಮೂಳೆಗೋ ಹೋಗಿ ಕೂರಬಹುದು. ಕವಾಟಕ್ಕೆ ತಗುಲಿದ್ದರೆ 4ರಿಂದ 6 ವಾರ ಬೇಕಾಗುತ್ತೆ. ಎಕೋ ಮಾಡಿಸಿದೆವು. ಅಮ್ಮನ ಕವಾಟ ಸರಿಯಿತ್ತು.

8 ಗಂಟೆಗೊಮ್ಮೆ ಇಂಜೆಕ್ಷನ್, ಪಕ್ಕದ ಕುರ್ಚಿಯಲ್ಲಿ ನನ್ನ ಲ್ಯಾಪ್‌ಟಾಪ್, ಅಮ್ಮನ ಗೊಣಗಾಟ. ಹೀಗೇ 14 ದಿನ ಮುಗಿಸಿದೆವು.

ನಿಮ್ಮ ಮನೆಯವರಿಗೂ ಇಂಥ ಲೈನ್ ಹಾಕಿದ್ದರೆ, ರೌಂಡ್ಸ್‌ಗೆ ಬಂದ ಡಾಕ್ಟರನ್ನು ದಿನಾ ಒಂದು ಮಾತು ಕೇಳಿ: "ಈ ಲೈನ್ ಇವತ್ತೂ ಬೇಕಾ?" ಬೇಡವಾದ ದಿನವೇ ತೆಗೆದರೆ ಅಷ್ಟರಮಟ್ಟಿಗೆ ಅಪಾಯ ಕಡಿಮೆ. ಸೋಂಕು ಆಗಿಯೇಬಿಟ್ಟರೆ ಥರ್ಮಾಮೀಟರ್ ನೋಡಿ ಮನೆಗೆ ಹೊರಡಬೇಡಿ. ಕಲ್ಚರ್ ರಿಪೋರ್ಟ್ ಕೇಳಿ.